ಕರೋಕೆ ಕೋಣೆಯಲ್ಲಿ ನನ್ನ ಹೆಣ

ಮೊನ್ನೆ ಶನಿವಾರ ತ್ಸುಕುಬಾ ಸ್ಟೇಷನ್ನಿನ ಹತ್ತಿರ ಸೈಕಲ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೆ. ಪಕ್ಕದ ಕರೋಕೆ ಅಂಗಡಿಯ ಗಾಜಿನ ಬಾಗಿಲು ನನ್ನನ್ನು ಗಿರಾಕಿಯೆಂದು ತಿಳಿದು ತಾನಾಗಿ ಸರಿದುಕೊಂಡಿತು. ಒಳಗಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಕರಿದ ಆಲೂಗಡ್ಡೆ, ಹಳೆಯ ಸಿಗರೇಟು, ನೆಲ ಒರೆಸುವ ನಿಂಬೆ ವಾಸನೆಯ ದ್ರವ, ಮೂರೂ ಬೆರೆತ ಆ ಗಾಳಿ ಮೂಗಿಗೆ ಹತ್ತಿದ್ದೇ ತಡ ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹೇಳಿದರೆ ನಗುತ್ತೀರಿ, ಅದು ನಾನು ಸತ್ತ ದಿನದ ವಾಸನೆ. ನಾನು ಸತ್ತು ಮಲಗಿದ್ದು ಅದೇ ಅಂಗಡಿಯ ಎರಡನೆಯ ಮಹಡಿಯಲ್ಲಿ, ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ.

ಗಾಬರಿಯಾಗಬೇಡಿ, ಈಗ ಆರೋಗ್ಯವಾಗಿದ್ದೇನೆ. ಸಕ್ಕರೆ ಸ್ವಲ್ಪ ಹೆಚ್ಚು, ಅಷ್ಟೇ. ನಾನು ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ತುಕ್ಕಿನ ಮೇಲೆ ಕೆಲಸ ಮಾಡುವವನು. ಸೇತುವೆಯ ಕಬ್ಬಿಣಕ್ಕೆ ಸಮುದ್ರದ ಗಾಳಿ ತಗುಲಿದರೆ ಒಳಗೊಳಗೇ ಏನಾಗುತ್ತದೆ ಎಂದು ನೋಡುವುದರಲ್ಲೇ ಅರ್ಧ ಆಯುಸ್ಸು ಕಳೆದಿದೆ. ಮೈಸೂರಿನಲ್ಲಿ ನನ್ನ ಅಮ್ಮ ನೆಂಟರಿಗೆಲ್ಲ ಮಗ ಜಪಾನಿನಲ್ಲಿ ವಿಜ್ಞಾನಿ ಎಂದು ಹೇಳಿಕೊಳ್ಳುತ್ತಿದ್ದಳು. ಯಾವುದರ ವಿಜ್ಞಾನಿ ಎಂದು ಯಾರಾದರೂ ಕೇಳಿದರೆ ಕಾಫಿ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದಳು.

ಆಗ ನಾನೂ ನನ್ನ ಹೆಂಡತಿ ಮಹಾದೇವಿಯೂ ವಿದೇಶಿ ಸಂಶೋಧಕರಿಗೆಂದು ಕಟ್ಟಿದ ವಸತಿಯಲ್ಲಿದ್ದೆವು. ಗೋಡೆಗಳು ಹಪ್ಪಳದಷ್ಟು ತೆಳು. ಪಕ್ಕದ ಮನೆಯವರು ಸೀನಿದರೆ ನಾವು ಮನಸ್ಸಿನಲ್ಲೇ ಶತಾಯುಸ್ಸು ಎನ್ನುತ್ತಿದ್ದೆವು. ಒಮ್ಮೆ ಬೆಳಿಗ್ಗೆ ಚಟ್ನಿ ರುಬ್ಬಿದ್ದಕ್ಕೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದಳು. ಬಾಗಿಲಲ್ಲಿ ನಿಂತು, ತಪ್ಪು ತನ್ನದೇ ಎಂಬಂತೆ "ಸುಮಿಮಾಸೆನ್, ಸುಮಿಮಾಸೆನ್" ಎಂದು ಬಗ್ಗಿ ಬಗ್ಗಿ ಹೋದಳು. ಬೈದಿದ್ದರೆ ನಾವೂ ನಾಲ್ಕು ಬೈದು ಹಗುರಾಗಬಹುದಿತ್ತು. ಕ್ಷಮೆ ಕೇಳಿದವರಿಗೆ ಏನು ಹೇಳುತ್ತೀರಿ? ಅಂದಿನಿಂದ ಮಿಕ್ಸಿಗೆ ದಪ್ಪ ಟವೆಲ್ಲು ಸುತ್ತಿ ರುಬ್ಬುವುದು ರೂಢಿಯಾಯಿತು.

ಎದುರು ಮನೆಗೆ ಓರ್ಲಾ ಬಂದದ್ದು ಆ ಕಾಲದಲ್ಲಿ. ಐರ್ಲೆಂಡಿನ ನಾಟಕದವಳು. ನರೆತ ಕೂದಲನ್ನು ಗಂಡುಹುಡುಗರಂತೆ ಕತ್ತರಿಸಿಕೊಂಡಿದ್ದಳು. ಇಲ್ಲಿನ ವಿಶ್ವವಿದ್ಯಾಲಯದ ಕಲಾ ವಿಭಾಗದವರು ಅವಳನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದರು. ಬಂದ ಮಾರನೆಯ ದಿನವೇ ನಮ್ಮ ಒಗ್ಗರಣೆಯ ವಾಸನೆ ಹಿಡಿದು ಬಾಗಿಲು ತಟ್ಟಿದಳು, ಚಿತ್ರಾನ್ನ ತಿಂದಳು. ಏನು ಕೆಲಸ ಮಾಡುತ್ತೀರಿ ಎಂದು ಮರ್ಯಾದೆಗೆ ಕೇಳಿದೆ. "ಅಳ್ತೀನಿ" ಎಂದಳು. ನಾನು ಇನ್ನೊಂದು ಸೌಟು ಚಿತ್ರಾನ್ನ ಬಡಿಸಿದೆ.

ಆಮೇಲೆ ವಿವರಿಸಿದಳು. ಅವರ ಕಡೆ ಹಿಂದೆ ಯಾರಾದರೂ ಸತ್ತರೆ ಹೆಂಗಸರು ಹೆಣದ ಸುತ್ತ ಕೂತು, ಮೈ ತೂಗುತ್ತಾ, ಹಾಡು ಕಟ್ಟಿ ಅಳುತ್ತಿದ್ದರಂತೆ. ಅದಕ್ಕೆ ಕೀನಿಂಗ್ ಎನ್ನುತ್ತಾರೆ. ಅದರಲ್ಲಿ ಪಳಗಿದವಳನ್ನು ಹೇಳಿ ಕಳಿಸಿ ಕರೆಸಿಕೊಳ್ಳುತ್ತಿದ್ದರು, ಕೈಗೆ ಹೊಗೆಸೊಪ್ಪೋ ಹೆಂಡವೋ ಕೊಡುತ್ತಿದ್ದರು. ಸತ್ತವನನ್ನು ಹೆಸರು ಹಿಡಿದು ಕರೆಯುವುದು, ಅವನ ವಂಶ ಹೊಗಳುವುದು, ಜೊತೆಗೆ ಅವನನ್ನೂ ಅವನ ಜಿಪುಣ ಅಣ್ಣತಮ್ಮಂದಿರನ್ನೂ ಚೆನ್ನಾಗಿ ಉಗಿಯುವುದು. ಆ ಹೊತ್ತಿನಲ್ಲಿ ಅವಳು ಏನಂದರೂ ಯಾರೂ ಎದುರಾಡುವಂತಿಲ್ಲ. ಸತ್ತವನಂತೂ ಆಡುವ ಹಾಗೇ ಇಲ್ಲ. ಪಾದ್ರಿಗಳಿಗೆ ಇದು ಹಿಡಿಸಲಿಲ್ಲ, ಬೈದು ಬೈದು ನಿಲ್ಲಿಸಿದರು. ಅಳುವ ಹೆಂಗಸರು ಒಬ್ಬೊಬ್ಬರಾಗಿ ಹೋದರು. "ಆದ್ರೆ ಅಳು ಎಲ್ಲಿಗೆ ಹೋಗುತ್ತೆ ಹೇಳಿ? ಕವಿಗಳು ಎತ್ಕೊಂಡ್ರು, ನಾಟಕದವರು ಎತ್ಕೊಂಡ್ರು. ನಮ್ಮ ಕಡೆ ಪಿಟೀಲು ನಿಧಾನವಾಗಿ ನುಡಿಸ್ತಾರಲ್ಲ, ಅದರೊಳಗೂ ಆ ಮುದುಕಿಯರೇ ಕೂತಿದ್ದಾರೆ" ಎಂದಳು. ಈಗ ಅದನ್ನು ರಂಗದ ಮೇಲೆ ತರಬೇಕೆಂದು ಒಬ್ಬ ಜಪಾನೀ ನರ್ತಕನ ಜೊತೆ ಸೇರಿ ಪ್ರಯೋಗ ಕಟ್ಟುತ್ತಿದ್ದಳು. ಅವನು ಹೆಣ, ಇವಳು ಅಳುವವಳು.

ಮಹಾದೇವಿ ಇಷ್ಟನ್ನೂ ಕೇಳುತ್ತಾ ತಟ್ಟೆ ತೆಗೆಯುತ್ತಿದ್ದಳು.

ಈಗ ನನ್ನ ಸಾವಿಗೆ ಬರುತ್ತೇನೆ. ಆ ನರ್ತಕನಿಗೆ ಬೆನ್ನು ಹಿಡಿದುಕೊಂಡಿತು. ಹೆಣವಾಗಿ ಮಲಗುವುದಕ್ಕೂ ಆಗದಷ್ಟು ನೋವು. ಓರ್ಲಾ ಪೇಚಾಡುತ್ತಾ ನಮ್ಮ ಮನೆಗೆ ಬಂದಳು. ಎದುರಿಗೆ ಒಂದು ಮೈ ಇಲ್ಲದಿದ್ದರೆ ತನ್ನದು ಬರೀ ಹಾಡಾಗುತ್ತದೆ, ಅಳುವಾಗುವುದಿಲ್ಲ ಎಂದಳು. ಜಾಗದ ಚಿಂತೆ ಇರಲಿಲ್ಲ. ಈ ದೇಶದಲ್ಲಿ ಗಂಟಲು ಬಿಟ್ಟು ಕಿರುಚಲು ಇರುವ ಒಂದೇ ಸಭ್ಯ ಸ್ಥಳವನ್ನು ಅವಳು ಆಗಲೇ ಹುಡುಕಿಕೊಂಡಿದ್ದಳು: ಕರೋಕೆ ಅಂಗಡಿಯ ಬಾಡಿಗೆ ಕೋಣೆ. ದಪ್ಪ ಬಾಗಿಲು, ಹತ್ತಿ ತುಂಬಿದ ಗೋಡೆ. ಒಳಗೆ ಏನು ಮಾಡಿದರೂ ಹೊರಗಿನವರಿಗೆ ಯಾರೋ ಕೆಟ್ಟದಾಗಿ ಹಾಡುತ್ತಿದ್ದಾರೆ ಎಂದಷ್ಟೇ ಅನ್ನಿಸುತ್ತದೆ.

"ಇವರನ್ನೇ ಕರ್ಕೊಂಡು ಹೋಗಿ" ಎಂದಳು ಮಹಾದೇವಿ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹೇಗಿದ್ರೂ ಭಾನುವಾರ ಹೆಣದ ಥರಾನೇ ಬಿದ್ಕೊಂಡಿರ್ತೀರ, ಒಂದು ಉಪಯೋಗಕ್ಕಾದ್ರೂ ಬನ್ನಿ" ಎಂದಳು.

ಬದುಕಿರುವಾಗಲೇ ಹೆಣವಾಗಿ ಮಲಗುವುದು ಅಪಶಕುನ ಎಂದು ವಾದಿಸಿದೆ. ವಿಜ್ಞಾನಿಯ ಬಾಯಲ್ಲಿ ಇದೇನು ಮಾತು ಎಂದಳು. ಹೆಂಗಸೊಬ್ಬಳ ಜೊತೆ ಮುಚ್ಚಿದ ಕೋಣೆಯಲ್ಲಿ ಮಲಗಿದರೆ ಜನ ಏನೆಂದಾರು ಎಂದೆ. ಹಾಗಾದರೆ ನಾನೂ ಬರುತ್ತೇನೆ ಎಂದಳು. ತೋಡಿದ ಹಳ್ಳಕ್ಕೆ ನಾನೇ ಬಿದ್ದೆ.

ಕೋಣೆಯಲ್ಲಿ ಒಂದು ಉದ್ದನೆಯ ಕೆಂಪು ಸೋಫಾ, ಗೋಡೆಯಲ್ಲಿ ದೊಡ್ಡ ಟೀವಿ, ಬಾಗಿಲ ಪಕ್ಕ ಒಂದು ಫೋನು. ಟೀವಿಯಲ್ಲಿ ಮಕ್ಕಳಂಥ ಗಾಯಕಿಯರು ಕುಣಿಯುತ್ತಿದ್ದರು. ಓರ್ಲಾ ಅದರ ಸದ್ದು ಅಡಗಿಸಿದಳು, ಚಿತ್ರ ಮಾತ್ರ ಓಡುತ್ತಲೇ ಇತ್ತು. ನಾನು ಬೂಟು ಬಿಚ್ಚಿ ಅಂಗಾತ ಮಲಗಿದೆ. ಅಳುವುದಕ್ಕೆ ಸಾಮಗ್ರಿ ಬೇಕು, ನಿಮ್ಮ ಬಗ್ಗೆ ಹೇಳಿ ಎಂದು ಓರ್ಲಾ ಕೇಳಿದಳು. ನಾನು ಡಾಕ್ಟರೇಟು ಎಲ್ಲಿ ಆಯಿತು, ಯಾವ ಯಾವ ಪತ್ರಿಕೆಯಲ್ಲಿ ಪ್ರಬಂಧ ಬಂದಿದೆ ಎಂದು ಶುರುಮಾಡಿದೆ. ಅವಳು ಪಾಪ ಸ್ವಲ್ಪ ಹೊತ್ತು ಕೇಳಿ, ಮಹಾದೇವಿಯ ಕಡೆ ತಿರುಗಿ, ಈ ಮನುಷ್ಯ ಊಟಕ್ಕೆ ಕೂತರೆ ಹೇಗೆ, ಸಿಟ್ಟು ಬಂದರೆ ಹೇಗೆ ಎಂದು ಕೇಳಿಕೊಂಡಳು. ಅದನ್ನು ಹೇಳುವುದಕ್ಕೆ ಮಹಾದೇವಿಗೆ ಯಾವ ಪತ್ರಿಕೆಯೂ ಬೇಕಾಗಲಿಲ್ಲ.

ಓರ್ಲಾ ಎದ್ದು ನಿಂತು ತನ್ನ ಭಾಷೆಯಲ್ಲಿ ಹಾಡತೊಡಗಿದಳು. ಅರ್ಥವಾಗದಿದ್ದರೂ ಮೈ ಜುಮ್ಮೆಂದಿತು. ನಡುನಡುವೆ ನನ್ನ ಹೆಸರು ಬಂದಾಗಲೆಲ್ಲ ಕಾಲ ಬೆರಳು ಮುದುಡುತ್ತಿದ್ದವು. ಒಂದೆರಡು ಸಲ ಹಾಡಿ ಅವಳೇ ನಿಲ್ಲಿಸಿಬಿಟ್ಟಳು. "ಚೆನ್ನಾಗಿ ಬರ್ತಿದೆ. ಅದೇ ತೊಂದರೆ. ಚೆನ್ನಾಗಿ ಬರಬಾರದು" ಎಂದಳು.

ಆಗ ಮೂಲೆಯಿಂದ ಮಹಾದೇವಿಯ ದನಿ ಬಂತು. "ನೀನು ನಿಂತ್ಕೊಂಡಿದ್ದೀಯಲ್ಲ, ಅದು ತಪ್ಪು. ನಿಂತ್ಕೊಂಡು ಯಾರು ಅಳ್ತಾರೆ? ಕೂತ್ಕೋಬೇಕು. ಒಂದು ಕೈ ಹೆಣದ ಮೇಲೆ ಇರ್ಬೇಕು, ಇನ್ನೊಂದು ಕೈ ನಿನ್ನ ಎದೆ ಮೇಲೆ."

ನಾನು ಒಂದು ಕಣ್ಣು ತೆರೆದೆ. ನನ್ನ ಹೆಂಡತಿಗೆ ಇದೆಲ್ಲ ಹೇಗೆ ಗೊತ್ತು?

ಮಹಾದೇವಿ ಹುನಗುಂದದ ಕಡೆಯವಳು. ಬೆಂಗಳೂರಿನಲ್ಲಿ ಓದುವಾಗ ಪರಿಚಯವಾಗಿ ಮದುವೆಯಾದವರು ನಾವು. ಬಂದ ಹೊಸತರಲ್ಲಿ ಅವಳ ಮಾತು ಕೇಳಿ ನಮ್ಮ ಮನೆಯವರು ಪ್ರೀತಿಯಿಂದಲೇ ನಗುತ್ತಿದ್ದರು. ಪ್ರೀತಿಯಿಂದ ನಕ್ಕರೂ ನಗೆ ನಗೆಯೇ. ವರ್ಷ ತುಂಬುವುದರೊಳಗೆ ಅವಳು ಅಚ್ಚ ಮೈಸೂರಿನವಳಂತೆ ಮಾತಾಡತೊಡಗಿದಳು. ತನ್ನ ಕಡೆಯ ಮಾತನ್ನು ಫೋನಿನಲ್ಲಿ ತನ್ನ ಅವ್ವನ ಜೊತೆಗಷ್ಟೇ ಆಡುತ್ತಿದ್ದಳು. ಆ ಅತ್ತೆ ವಿಮಾನಗಳೆಲ್ಲ ನಿಂತಿದ್ದ ವರ್ಷ ಹೋಗಿಬಿಟ್ಟರು. ಹೆಣದ ಹತ್ತಿರ ಯಾರನ್ನೂ ಬಿಡದ ಕಾಲ ಅದು. ನಾನು ಲ್ಯಾಬಿನಿಂದ ಬರುವ ಹೊತ್ತಿಗೆ ಮಹಾದೇವಿ ಅಡಿಗೆ ಮಾಡಿಟ್ಟು, "ಅವ್ವ ಹೋದ್ರು" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ನನ್ನೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಂಥ ಗಟ್ಟಿ ಹೆಂಗಸು ಎಂದು ನಾನು ಬೆರಗಾಗಿದ್ದೆ, ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದೆ.

"ನಮ್ಮ ಕಡೆ ಹಾಡ್ಯಾಡಿ ಅಳೋದು ಅಂತಾರೆ" ಎಂದು ಅವಳು ಓರ್ಲಾಗೆ ಹೇಳುತ್ತಿದ್ದಳು. "ಊರಲ್ಲಿ ಯಾರೇ ಸತ್ರೂ ನಮ್ಮವ್ವನ್ನ ಕರೀತಿದ್ರು. ಅವ್ವ ಹೋಗಿ ಕೂತ ಮೇಲೇನೇ ಉಳಿದವರಿಗೆ ಅಳು ಬರ್ತಿದ್ದಿದ್ದು." ಹೀಗೆಂದವಳೇ ಸೋಫಾದ ಪಕ್ಕ ನೆಲದ ಮೇಲೆ ಕೂತು, ತೋರಿಸುತ್ತೇನೆ ನೋಡು ಎಂದು ನನ್ನ ಎದೆಯ ಮೇಲೆ ಕೈಯಿಟ್ಟಳು.

ರೊಟ್ಟಿ ಬಡಿಯುತ್ತಾ, ತಲೆಯ ಮೇಲಿನ ಸೆರಗು ಸರಿಯದಂತೆ ನೋಡಿಕೊಳ್ಳುತ್ತಾ, ಅಳಿಯನೆದುರು ತುಟಿ ಬಿಚ್ಚದಿದ್ದ ನನ್ನ ಅತ್ತೆ ಊರಿಗೆಲ್ಲ ಅಳುವವರಾಗಿದ್ದರೇ? ಇಷ್ಟು ವರ್ಷ ಅಳಿಯನಾಗಿದ್ದ ನನಗೆ ಇದು ಗೊತ್ತಾದದ್ದು ಹೆಣವಾದ ಮೇಲೆ.

ಮಹಾದೇವಿ ತೂಗತೊಡಗಿದಳು. ಅವಳ ಗಂಟಲಿನಿಂದ ನಾನು ಎಂದೂ ಕೇಳದ ಒಂದು ದನಿ ಹೊರಟಿತು, ಒರಟಾಗಿ, ಮೂಗು ಬೆರೆತು, ಪ್ರತಿ ಸಾಲಿನ ಕೊನೆಗೆ ಬಾವಿಗಿಳಿದಂತೆ ಇಳಿಯುತ್ತಾ.

"ಎದ್ದು ಮಾತಾಡೊ ನನ ರಾಯಾ, ಏನ ಮುನಿಸು ಬಂತೋ ನಿನಗಾ...
ಮೈಸೂರಾಗ ಹುಟ್ಟಿದಾಂವಾ, ಮಂದಿ ದೇಶಕ ಬಂದಾಂವಾ...
ಅನ್ನದಾಗ ಕರಿಬೇವು ಆರಿಸಾಂವಾ, ಅರಿವಿ ಅಲ್ಲಲ್ಲೇ ಒಗಿಯಾಂವಾ...
ಕಬ್ಬಿಣದ ತುಕ್ಕು ಕಂಡಾಂವಾ, ಕಟಗೊಂಡಾಕೀನ ಕಾಣದಾಂವಾ..."

ಮೊದಲ ಏಟು ಬಿದ್ದದ್ದು ಏಕವಚನದಿಂದ. ಮದುವೆಯಾದಂದಿನಿಂದ "ರೀ" ಬಿಟ್ಟು ಮಾತಾಡದವಳು ನನ್ನನ್ನು ನೀನು, ಅವನು ಎನ್ನುತ್ತಿದ್ದಳು. ಕರಿಬೇವಿನ ಸಾಲಿಗೆ ನಗು ಬಂತು, ತಡೆದುಕೊಂಡೆ. ತುಕ್ಕಿನ ಸಾಲು ಬಂದಾಗ ನಗು ಬರಲಿಲ್ಲ. ಎದ್ದು ಕೂತು "ಏನೇ ಅದು, ಏನು ಕಾಣಲಿಲ್ಲ ನಾನು?" ಎಂದು ಕೇಳಬೇಕೆನ್ನಿಸಿತು. ಆದರೆ ನಾನು ಸತ್ತಿದ್ದೆ. ಹೆಂಡತಿ ತನ್ನ ಬಗ್ಗೆ ಹೇಳುವುದನ್ನು ನಡುವೆ ಬಾಯಿ ಹಾಕದೆ ಕೊನೆಯ ತನಕ ಕೇಳಿದ ಗಂಡಂದಿರು ಬದುಕಿರುವವರಲ್ಲಿ ಎಷ್ಟು ಜನರಿದ್ದಾರೋ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ನನ್ನ ಎದೆಯ ಮೇಲಿದ್ದ ಕೈ ಬಿಗಿಯಾಯಿತು. ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಳುತ್ತಿದ್ದುದು ಇನ್ನು ನನಗಲ್ಲ.

"ಎವ್ವಾ... ನನ್ನ ಹಡದವ್ವಾ...
ಊರ ಮಂದಿಗೆಲ್ಲಾ ಅತ್ತಾಕಿ, ಒಬ್ಬಾಕೇ ಮಣ್ಣಿಗೆ ಹ್ವಾದೆಲ್ಲಾ...
ಸತ್ತ ಮನಿಗೆಲ್ಲಾ ಸೊಲ್ಲು ಕೊಟ್ಟಾಕಿ, ನಿನಗೊಂದು ಸೊಲ್ಲಿಲ್ಲಂಗಾತಲ್ಲಾ...
ಬಚ್ಚಲದಾಗ ನಿಂತು ಅತ್ತೇನವ್ವಾ, ಬಾಯಾಗ ಅರಿವಿ ಹಿಡದು ಅತ್ತೇನವ್ವಾ...
ಖಾಲಿ ಮಶೀನ ತಿರಗಿಸಿ ಅತ್ತೇನವ್ವಾ, ಮಂದಿಗೆ ಕೇಳಬಾರದಂತ ಅತ್ತೇನವ್ವಾ...
ನಿನಗರ ಕೇಳಿತೇನವ್ವಾ..."

ಸಿಡಿಲು ಬಡಿಯುವುದು ಎಂದರೆ ಏನೆಂದು ನನಗೆ ಅಲ್ಲಿ ತಿಳಿಯಿತು. ಖಾಲಿ ಮೆಷಿನ್. ಆ ವರ್ಷ ವಾರದ ಅರ್ಧದಷ್ಟು ದಿನಗಳು ಮನೆಯಿಂದಲೇ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿ ಕೂತಿರುತ್ತಿದ್ದೆ. ಮಧ್ಯಾಹ್ನವಾಯಿತೆಂದರೆ ಬಚ್ಚಲ ಕಡೆಯಿಂದ ವಾಷಿಂಗ್ ಮೆಷಿನ್ ಗುರ್ ಎನ್ನುತ್ತಿತ್ತು. ದಿನಾ. ಇಬ್ಬರ ಬಟ್ಟೆಗೆ ಇಷ್ಟೊಂದು ಯಾಕೆ ಒಗೆಯುತ್ತೀಯೆ ಎಂದರೆ, "ಇಲ್ಲಿ ಧೂಳು ಜಾಸ್ತಿ" ಎನ್ನುತ್ತಿದ್ದಳು. ತ್ಸುಕುಬಾದಲ್ಲಿ ಧೂಳೇ! ನಮ್ಮನೆಯಲ್ಲಿ ಬಟ್ಟೆಗಿಂತ ನೀರೇ ಬೆಳ್ಳಗಾಗಿದೆ ಎಂದು ಟೋಕಿಯೋದ ನಿಶಿ ಕಸಾಯಿ ಬಡಾವಣೆಯಲ್ಲಿರುವ ಗೆಳೆಯರ ಮನೆಯ ಯುಗಾದಿ ಊಟದಲ್ಲಿ ನಾನು ಹೇಳಿದ್ದೆ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಮೆಷಿನ್ನಿನ ಸದ್ದು ಈ ಊರಲ್ಲಿ ಸದ್ದಲ್ಲ, ಯಾರೂ ಬಂದು ಸುಮಿಮಾಸೆನ್ ಅನ್ನುವುದಿಲ್ಲ. ಅದರ ಹಿಂದೆ, ನನ್ನಿಂದ ಒಂದು ಬಾಗಿಲಿನಾಚೆ, ನನ್ನ ಹೆಂಡತಿ ಬಾಯಿಗೆ ಟವೆಲ್ಲು ತುರುಕಿಕೊಂಡು ತನ್ನ ತಾಯಿಗಾಗಿ ಅತ್ತಿದ್ದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ.

ಓರ್ಲಾಗೆ ಒಂದು ಅಕ್ಷರವೂ ತಿಳಿಯುವಂತಿರಲಿಲ್ಲ. ಆದರೂ ಅವಳು ಯಾವಾಗಲೋ ಬಂದು ಮಹಾದೇವಿಯ ಪಕ್ಕ ಕೂತಿದ್ದಳು. ಪ್ರತಿ ಸಾಲಿನ ಕೊನೆಯ ಇಳಿತಕ್ಕೆ ತಾನೂ ದನಿ ಕೂಡಿಸುತ್ತಿದ್ದಳು. ಅವರ ಊರಿನಲ್ಲೂ ಹಾಗೆಯೇ ಅಂತೆ, ಪದ ಒಬ್ಬಳದು, ಗೋಳು ಎಲ್ಲರದು.

ಆ ಹೊತ್ತಿಗೆ ಸರಿಯಾಗಿ ಬಾಗಿಲ ಪಕ್ಕದ ಫೋನು ಹೊಡೆದುಕೊಂಡಿತು.

ಕರೋಕೆಗೆ ಹೋದವರಿಗೆ ಗೊತ್ತು. ಬಾಡಿಗೆಯ ಹೊತ್ತು ಮುಗಿಯುವ ಸ್ವಲ್ಪ ಮುಂಚೆ ಕೆಳಗಿನ ಕೌಂಟರಿನವರು ಫೋನು ಮಾಡಿ, ಹೊರಡುತ್ತೀರೋ ಮುಂದುವರಿಸುತ್ತೀರೋ ಎಂದು ವಿನಯದಿಂದ ಕೇಳುತ್ತಾರೆ. ಮಹಾದೇವಿ ತಟ್ಟನೆ ನಿಂತಳು. ನನ್ನ ಅಂಗಿ ಬಿಟ್ಟಳು. ಅಂಗೈಯಲ್ಲಿ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಅಚ್ಚ ಮೈಸೂರು ಕನ್ನಡದಲ್ಲಿ, "ಸಾಕು, ಏಳ್ರಿ. ಟೈಮ್ ಆಯ್ತಂತೆ. ಪಾಪ, ಅವರಿಗೆ ತೊಂದರೆ ಆಗುತ್ತೆ" ಎಂದಳು.

ಆ ಮಾತು ಕೇಳಿ ನನಗಾದ ಭಯ ಹಾಡು ಕೇಳಿದಾಗಲೂ ಆಗಿರಲಿಲ್ಲ. ಈಗ ಬಾಯಿ ಮುಚ್ಚಿದಳೆಂದರೆ ಮತ್ತೆ ಎಂದೂ ತೆರೆಯುವುದಿಲ್ಲ ಎಂದು ಖಚಿತವಾಗಿ ಅನ್ನಿಸಿತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹೆಣ ಎದ್ದಿತು. ಕಾಲುಚೀಲದಲ್ಲೇ ಓಡಿ ಫೋನು ಎತ್ತಿಕೊಂಡು, ಮೂಗು ಕಟ್ಟಿದ ದನಿಯಲ್ಲಿ "ಎಂಚೋ ಒನೆಗಾಯಿಶಿಮಾಸು" ಎಂದಿತು. ಮುಂದುವರಿಸಿ, ದಯವಿಟ್ಟು. ಎಷ್ಟು ಹೊತ್ತು ಎಂದು ಅತ್ತ ಕಡೆಯ ಹುಡುಗಿ ಕೇಳಿದಳು. ನೀವು ಅಂಗಡಿ ಮುಚ್ಚುವವರೆಗೆ ಎಂದೆ. ವಾಪಸು ಬಂದು ಮಲಗಿ, ಕಣ್ಣು ಮುಚ್ಚಿ, ಅವಳ ಕೈಯನ್ನು ಎತ್ತಿ ನನ್ನ ಎದೆಯ ಮೇಲೆ ಇಟ್ಟುಕೊಂಡೆ.

ಟೀವಿಯ ಬಣ್ಣಗಳು ರೆಪ್ಪೆಯ ಮೇಲೆ ಓಡಾಡುತ್ತಿದ್ದವು. ಆಮೇಲೆ ಕೈ ಮೆಲ್ಲಗೆ ಮುಷ್ಟಿಯಾಯಿತು. "ಎವ್ವಾ" ಎಂದಳು.

ಅಂಗಡಿ ಮುಚ್ಚುವ ತನಕ ಬೇಕಾಗಲಿಲ್ಲ, ನಾವು ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಮೂವರೂ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಹೋಗಿ ಐಸ್‌ಕ್ರೀಮು ಕೊಂಡು ರಸ್ತೆಯ ಬದಿಯಲ್ಲಿ ನಿಂತು ತಿಂದೆವು. ಮಹಾದೇವಿಯ ಗಂಟಲು ಒಡೆದುಹೋಗಿತ್ತು. ಓರ್ಲಾ ಅಳುಕುತ್ತಾ, ನೀನು ಅತ್ತದ್ದನ್ನು ನನ್ನ ಪ್ರಯೋಗದಲ್ಲಿ ಸ್ವಲ್ಪ ತಂದುಕೊಳ್ಳಲೇ ಎಂದು ಕೇಳಿದಳು. "ರಾಗ ತಗೋ, ಮಾತು ಬಿಡು. ಮಾತು ನಮ್ಮವ್ವಂದು" ಎಂದಳು ಮಹಾದೇವಿ. ಮುಂದೆ ಟೋಕಿಯೋದಲ್ಲಿ ಆ ಪ್ರಯೋಗ ನೋಡಿದೆವು. ಬೆನ್ನು ನೆಟ್ಟಗಾದ ನರ್ತಕ ನನಗಿಂತ ಚೆನ್ನಾಗಿ ಸತ್ತ. ಓರ್ಲಾ ನೆಲದ ಮೇಲೆ ಕೂತಿದ್ದಳು. ಐರಿಶ್ ಹಾಡಿನ ನಡುವೆ ಒಂದು ಕಡೆ ದನಿ ಹುನಗುಂದದ ಬಾವಿಗೆ ಇಳಿಯಿತು. ಕತ್ತಲಲ್ಲಿ ಮಹಾದೇವಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

ಆ ಭಾನುವಾರದಿಂದ ನಮ್ಮ ಮನೆಯಲ್ಲಿ ಅವಳು ತನ್ನ ಕಡೆಯ ಮಾತನ್ನೇ ಆಡುತ್ತಾಳೆ. ಅದರಲ್ಲಿ ಬೈಗುಳ ಹೆಚ್ಚು ಎಂದು ನನ್ನ ಅನುಭವ.

ಮೊನ್ನೆ ಸ್ಟೇಷನ್ನಿನಿಂದ ಮನೆಗೆ ಬಂದಾಗ ಅವಳು ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತು ಕರೋಕೆ ಬಾಗಿಲಿನ ವಿಷಯ ಹೇಳಿದೆ. ನಕ್ಕಳು. ಧೈರ್ಯ ಬಂದು, "ನಾನು ನಿಜವಾಗ್ಲೂ ಹೋದಾಗ ಏನು ಹಾಡ್ತೀಯೇ?" ಎಂದು ಕೇಳಿದೆ.

"ನಿಮಗ ಆಗೇ ಹೋಗೇತಲ್ರೀ. ಒಬ್ಬಗ ಎರಡ ಸಲ ಅಳಾಕ ನನಗೇನ ಬ್ಯಾರೆ ಕೆಲಸಿಲ್ಲೇನು" ಎಂದಳು. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. ಆಮೇಲೆ ತಲೆ ಎತ್ತದೆ, ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು. "ನಾ ಮೊದಲ ಹ್ವಾದರ ನನಗ ಯಾರು ಹಾಡಾವರ್ರೀ?"

ಆ ಕರೋಕೆ ಕೋಣೆಯಲ್ಲೂ ನಾನು ಇಷ್ಟು ಬೆಚ್ಚಿರಲಿಲ್ಲ. ಈ ದೇಶದಲ್ಲಿ ಅವಳಿಗೆ ಬೇರೆ ಯಾರಿದ್ದಾರೆ? "ನಾನಿಲ್ವಾ?" ಎಂದೆ.

"ನಿಮಗ ಬರಂಗಿಲ್ಲ."

"ಹೇಳ್ಕೊಡು."

"ಹೇಳಿಕೊಡಾಕ ಬರೂದಲ್ಲ ಅದು. ನಮ್ಮವ್ವ ನನಗೇನ ಹೇಳಿಕೊಟ್ಟಿದ್ಲೇನು? ಆಕಿ ಬಾಜೂಕ ಕೂತಿರತಿದ್ದೆ. ಅಷ್ಟ."

ನಾನು ಕುರ್ಚಿಯಿಂದ ಇಳಿದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಂಡಿ ನೋವು ಬರುತ್ತದೆ, ಮೇಲೆ ಕೂಡ್ರಿ ಎಂದಳು. ನಾನು ಏಳಲಿಲ್ಲ.